ಅಳೆದು ಕಟ್ಟಿದ ಕಾಲೇಜು, ಕಣ್ಣಿಗೆ ಬೀಳದ ಛಾವಣಿ

2023ರಲ್ಲಿ ಆಕ್ಸ್‌ಫರ್ಡ್‌ನ ಸೇಂಟ್ ಕ್ಯಾಥರೀನ್ಸ್ ಕಾಲೇಜು ತನ್ನ ಊಟದ ಹಾಲ್, ಅಡುಗೆಮನೆ, ಲೈಬ್ರರಿ ಸೇರಿ ಹಲವು ಕಡೆ ಬೀಗ ಹಾಕಿತು. ಛಾವಣಿಯಲ್ಲಿ ಆರ್‌ಎಎಸಿ ಅನ್ನುವ ಹಗುರ ಕಾಂಕ್ರೀಟ್ ಇರುವುದು ಪತ್ತೆಯಾಗಿತ್ತು. ವಿದ್ಯಾರ್ಥಿಗಳಿಗೆ ಊಟ ಹಾಕಲು ಆವರಣದಲ್ಲೇ ದೊಡ್ಡ ಟೆಂಟ್ ಎಬ್ಬಿಸಬೇಕಾಯಿತು. ಆ ವರ್ಷ ಬ್ರಿಟನ್ನಿನಲ್ಲಿ ಇದೇ ಕಾರಣಕ್ಕೆ ಎಷ್ಟೋ ಶಾಲೆಗಳ ಕೋಣೆಗಳು ಮುಚ್ಚಿದವು, ನಿಜ. ಆದರೆ ಇಲ್ಲಿ ಮುಚ್ಚಿದ್ದು ಅಂಥಿಂಥ ಕಟ್ಟಡವಲ್ಲ. ಎರಡನೇ ಮಹಾಯುದ್ಧದ ನಂತರ ಆ ದೇಶದಲ್ಲಿ ಎದ್ದ ಕಾಲೇಜುಗಳಲ್ಲಿ ಎಲ್ಲಕ್ಕಿಂತ ಜತನದಿಂದ ಕಟ್ಟಿದ್ದು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದರ ಹೆಸರನ್ನೇ ಹೇಳುತ್ತೇನೆ. 1993ರಲ್ಲಿ ಇದಕ್ಕೆ ಗ್ರೇಡ್ ಒನ್ ರಕ್ಷಣೆ ಸಿಕ್ಕಿತು. ಅದು ಹಳೆಯ ಕೆಥೆಡ್ರಲ್‌ಗಳಿಗೆ, ಅರಮನೆಗಳಿಗೆ ಸಿಗುವ ದರ್ಜೆ. ಆಗ ಕಟ್ಟಡಕ್ಕೆ ಇನ್ನೂ ಮೂವತ್ತು ವರ್ಷವೂ ಸರಿಯಾಗಿ ಆಗಿರಲಿಲ್ಲ.

ಊಟದ ಮೇಜಿನ ಚಮಚದ ತನಕ ಒಬ್ಬನೇ ಕೂತು ಯೋಚಿಸಿದ ಕಟ್ಟಡ ಇದು. ಅಂಥದ್ದಕ್ಕೆ ತಲೆ ಮೇಲಿನ ಸೂರೇ ಕೈಕೊಟ್ಟಿತು. ಇದು ಹೇಗಾಯಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಇದರಲ್ಲಿ ವಾಸ್ತುಶಿಲ್ಪಿಯ ಹೊಣೆ ಎಲ್ಲಿಗೆ ಮುಗಿಯುತ್ತದೆ, ಕಟ್ಟಡ ನೋಡಿಕೊಳ್ಳುವವರ ಹೊಣೆ ಎಲ್ಲಿಂದ ಶುರುವಾಗುತ್ತದೆ ಅನ್ನುವ ಪ್ರಶ್ನೆ ಇದೆ.

ಕಾಲೇಜು ಇಲ್ಲದವರ ಕಾಲೇಜು

ಆಕ್ಸ್‌ಫರ್ಡ್‌ನಲ್ಲಿ ಓದಬೇಕೆಂದರೆ ಹಿಂದೆ ಯಾವುದಾದರೂ ಒಂದು ಕಾಲೇಜಿನ ಸದಸ್ಯರಾಗಲೇಬೇಕಿತ್ತು. ಕಾಲೇಜಿನ ಖರ್ಚು ಭರಿಸುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಅದಕ್ಕೇ 1868ರಲ್ಲಿ ವಿಶ್ವವಿದ್ಯಾಲಯವು ಕಾಲೇಜಿಗೆ ಸೇರದೆಯೂ ಓದಬಹುದು ಅಂತ ಒಂದು ದಾರಿ ತೆರೆಯಿತು. ಆ ವಿದ್ಯಾರ್ಥಿಗಳ ಗುಂಪೇ ಮುಂದೆ 1931ರಲ್ಲಿ ಸೇಂಟ್ ಕ್ಯಾಥರೀನ್ಸ್ ಸೊಸೈಟಿ ಆಯಿತು. ಓದು ಇತ್ತು, ಆಟ ಇತ್ತು, ಗೆಳೆತನ ಇತ್ತು. ಎಲ್ಲರೂ ಒಟ್ಟಿಗೆ ಉಳಿದುಕೊಳ್ಳುವ ಜಾಗ ಮಾತ್ರ ಇರಲಿಲ್ಲ.

1952ರಲ್ಲಿ ಈ ಸೊಸೈಟಿಯ ಮುಖ್ಯಸ್ಥರಾಗಿ ಬಂದವರು ಇತಿಹಾಸಕಾರ ಆಲನ್ ಬುಲಕ್. ಹಿಟ್ಲರನ ಜೀವನಚರಿತ್ರೆ ಬರೆದು ಹೆಸರು ಮಾಡಿದವರು. ಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ವಿಜ್ಞಾನಿಗಳು, ಎಂಜಿನಿಯರುಗಳು ಜಾಸ್ತಿ ಬೇಕಾಗಿದ್ದರು. ಹಳೆಯ ಕಾಲೇಜುಗಳಲ್ಲಿ ಲ್ಯಾಟಿನ್, ಗ್ರೀಕ್, ಇತಿಹಾಸದ್ದೇ ಮೇಲುಗೈ. ಕಲೆ ಮತ್ತು ವಿಜ್ಞಾನ ಎರಡಕ್ಕೂ ಸಮಪಾಲು ಕೊಡುವ ಹೊಸ ಕಾಲೇಜು ಕಟ್ಟೋಣ ಅಂತ ಬುಲಕ್ ಹೊರಟರು. ಜಾಗವೇನೋ ಸಿಕ್ಕಿತು: ಚರ್ವೆಲ್ ನದಿ ಪಕ್ಕದ ಹೋಲಿವೆಲ್ ಹುಲ್ಲುಗಾವಲು, ಮರ್ಟನ್ ಕಾಲೇಜಿನ ಜಮೀನು. ದುಡ್ಡು ಮಾತ್ರ ಕೈಯಲ್ಲಿರಲಿಲ್ಲ. ಬುಲಕ್ ಕಂಪನಿಗಳು, ಟ್ರಸ್ಟ್‌ಗಳು, ದೊಡ್ಡ ದಾನಿಗಳು ಅಂತ ಒಬ್ಬೊಬ್ಬರ ಬಾಗಿಲು ತಟ್ಟಿದರು. ಲೈಬ್ರರಿಗೆ ವುಲ್ಫ್‌ಸನ್ ಹೆಸರು, ಉಪನ್ಯಾಸ ಭವನಕ್ಕೆ ಬರ್ನಾರ್ಡ್ ಸನ್ಲಿ ಹೆಸರು ಇರುವುದು ಇದರಿಂದಲೇ.

ಹಳೆಯ ಆಕ್ಸ್‌ಫರ್ಡ್ ಶೈಲಿಯಲ್ಲೇ ಕಲ್ಲು, ಕಮಾನು ಹಾಕಿ ಕಟ್ಟಬಹುದಿತ್ತು. ಬುಲಕ್‌ಗೆ ಅದು ಬೇಡವಾಗಿತ್ತು. ಡೆನ್ಮಾರ್ಕಿಗೆ ಹೋದಾಗ ಅವರು ಕೋಪನ್‌ಹೇಗನ್ ಪಕ್ಕದ ಗೆಂಟಾಫ್ಟೆಯಲ್ಲಿ ಮುಂಕಗಾರ್ಡ್ ಅನ್ನುವ ಶಾಲೆ ನೋಡಿದರು. ಒಂದೇ ಅಂತಸ್ತಿನ ತರಗತಿಗಳು, ಅವುಗಳ ನಡುನಡುವೆ ಪುಟ್ಟ ಅಂಗಳಗಳು. ಪ್ರತಿ ಅಂಗಳದಲ್ಲೂ ಬೇರೆ ಗಿಡ, ಬೇರೆ ನೆಲಹಾಸು. ಅದನ್ನು ಕಟ್ಟಿದವರು ಆರ್ನೆ ಯಾಕಬ್‌ಸೆನ್. 1959ರಲ್ಲಿ ಕಾಲೇಜಿನ ಕೆಲಸ ಅವರಿಗೇ ಹೋಯಿತು.

ಬ್ರಿಟನ್ನಿನ ವಾಸ್ತುಶಿಲ್ಪಿಗಳು ಸಿಟ್ಟಾದರು. ನಮ್ಮಲ್ಲೇ ಇಷ್ಟು ಜನ ಇರುವಾಗ ಹೊರಗಿನವರು ಯಾಕೆ ಅಂತ ಕೇಳಿದರು. ಆ ತಕರಾರಿನಲ್ಲಿ ಅರ್ಥವಿತ್ತು, ಯುದ್ಧದ ನಂತರ ಅಲ್ಲಿ ಒಳ್ಳೆಯ ಹೊಸ ತಲೆಮಾರು ಬೆಳೆಯುತ್ತಿತ್ತು. ಆದರೂ ಬುಲಕ್ ಬಗ್ಗಲಿಲ್ಲ. ಈಗ ಕಟ್ಟಡದ ಮುಂದೆ ನಿಲ್ಲಿಸಿ ಕೇಳಿದರೆ ಅವರು ಮಾಡಿದ್ದೇ ಸರಿ ಅಂತ ಹೇಳುವವರೇ ಹೆಚ್ಚು.

ಯಾಕಬ್‌ಸೆನ್ ಯಾರು

ಕೆಲವರಿಗೆ ಈ ಹೆಸರು ಗೊತ್ತಿಲ್ಲದಿದ್ದರೂ ಅವರು ಮಾಡಿದ ಕುರ್ಚಿ ಗೊತ್ತಿರುತ್ತದೆ. ಬಗ್ಗಿಸಿದ ಪ್ಲೈವುಡ್‌ನ ಒಂದೇ ಹಾಳೆಯಲ್ಲಿ ಬೆನ್ನು, ಆಸನ ಎರಡೂ ಇರುವ, ತೆಳ್ಳನೆ ಕಾಲಿನ ಕುರ್ಚಿ: 1955ರ ಸೀರೀಸ್ ಸೆವೆನ್. ಅದರ ನಕಲು ಜಗತ್ತಿನ ಮೂಲೆಮೂಲೆಯ ಕಚೇರಿಗಳಲ್ಲಿ ಸಿಗುತ್ತದೆ, ಬೆಂಗಳೂರಿನ ಕೆಫೆಗಳಲ್ಲೂ. ಕೋಪನ್‌ಹೇಗನ್‌ನ ಎಸ್‌ಎಎಸ್ ಹೋಟೆಲು ಕೂಡ ಅವರದೇ. ಅಲ್ಲಿ ಕಟ್ಟಡದಿಂದ ಹಿಡಿದು ಕುರ್ಚಿ, ದೀಪ, ಬಟ್ಟೆ, ಚಾಕು-ಚಮಚ ಎಲ್ಲವನ್ನೂ ಅವರೇ ರೂಪಿಸಿದರು.

ಅವರ ಬದುಕಿನ ಒಂದು ತಿರುವು ಈ ಕಾಲೇಜಿಗೆ ನೇರವಾಗಿ ಸಂಬಂಧಿಸಿದ್ದು. ಯಾಕಬ್‌ಸೆನ್ ಯಹೂದಿ ಕುಟುಂಬದವರು. 1943ರಲ್ಲಿ ನಾಜಿಗಳು ಡೆನ್ಮಾರ್ಕಿನ ಯಹೂದಿಗಳನ್ನು ಹಿಡಿಯಲು ಶುರು ಮಾಡಿದಾಗ ಅವರು ರಾತ್ರೋರಾತ್ರಿ ಸಣ್ಣ ದೋಣಿಯಲ್ಲಿ ಸಮುದ್ರ ದಾಟಿ ಸ್ವೀಡನ್ನಿಗೆ ಹೋದರು. ಅಲ್ಲಿ ಕಟ್ಟುವ ಕೆಲಸ ಸಿಗುವುದು ಕಷ್ಟವಿತ್ತು. ಗಿಡ, ಎಲೆ, ಹೂವಿನ ಚಿತ್ರ ಬಿಡಿಸಿದರು. ಜವಳಿ ಮುದ್ರಣ ಬಲ್ಲ ಹೆಂಡತಿ ಯೊನ್ನಾ ಜೊತೆ ಸೇರಿ ಅವುಗಳಿಂದ ಬಟ್ಟೆಯ, ವಾಲ್‌ಪೇಪರಿನ ವಿನ್ಯಾಸ ಮಾಡಿದರು. ಗಿಡವನ್ನು ಅಷ್ಟು ಹತ್ತಿರದಿಂದ ನೋಡಿದ ಕಣ್ಣೇ ಮುಂದೆ ಆಕ್ಸ್‌ಫರ್ಡ್‌ನ ಕಾಂಕ್ರೀಟಿನ ಪಕ್ಕ ಯಾವ ಗಿಡ ಬರಬೇಕು ಅಂತ ತೀರ್ಮಾನಿಸಿತು ಅಂತ ನಾನು ನಂಬಿದ್ದೇನೆ. ತೋಟದ ನಕ್ಷೆಯನ್ನು ಅವರು ಬೇರೆಯವರಿಗೆ ಬಿಡಲಿಲ್ಲ.

ಕಟ್ಟಡದ ಒಳಗೂ ಹೊರಗೂ

1960ರ ನವೆಂಬರ್ 4ರಂದು ರಾಣಿ ಎರಡನೇ ಎಲಿಜಬೆತ್ ಅಡಿಗಲ್ಲು ಹಾಕಿದರು. 1962ರಲ್ಲಿ ವಿದ್ಯಾರ್ಥಿಗಳು ಬಂದರು. ಇನ್ನೂ ಕೆಲಸ ನಡೆಯುತ್ತಲೇ ಇತ್ತು. ಯಾಕಬ್‌ಸೆನ್ ಜೊತೆಗಾರ ಕ್ನೂದ್ ಹೋಲ್ಶರ್ ಆಕ್ಸ್‌ಫರ್ಡ್‌ನಲ್ಲೇ ಇದ್ದು ಕೆಲಸ ನೋಡಿಕೊಂಡರು. ಕಟ್ಟಡದ ಬಲಾಬಲ ಲೆಕ್ಕ ಹಾಕಿದ್ದು ಓವೆ ಅರಪ್ ಸಂಸ್ಥೆ. ಅರಪ್ ಕೂಡ ಡೇನಿಶ್ ತಂದೆಯ ಮಗ, ತಾಯಿ ನಾರ್ವೆಯವರು.

ನಕ್ಷೆ ನೋಡಿದರೆ ಮೊದಲಿಗೆ ತೀರಾ ಸರಳ ಅನ್ನಿಸುತ್ತದೆ. ಎರಡು ಉದ್ದನೆಯ ಮೂರಂತಸ್ತಿನ ಸಾಲು, ಒಂದಕ್ಕೊಂದು ಎದುರಾಗಿ. ಅವುಗಳಲ್ಲಿ ವಿದ್ಯಾರ್ಥಿಗಳ ಕೋಣೆಗಳು. ನಡುವಿನ ಬಯಲಿನಲ್ಲಿ ಒಂದು ಕಡೆ ಊಟದ ಹಾಲ್, ಅದರ ಎದುರಿಗೆ ಲೈಬ್ರರಿ, ಆಮೇಲೆ ಉಪನ್ಯಾಸ ಭವನ. ಹಾಲ್ ಮತ್ತು ಲೈಬ್ರರಿ ನಡುವೆ ದುಂಡಗಿನ ಹುಲ್ಲುಹಾಸು, ಅದರಲ್ಲಿ ಸೀಡರ್ ಮರ. ಪಕ್ಕದಲ್ಲಿ ಗಂಟೆಯ ಗೋಪುರ. ಚಾಪೆಲ್, ಅಂದರೆ ಕಾಲೇಜಿನ ಪ್ರಾರ್ಥನಾ ಮಂದಿರ, ಇಲ್ಲ. ಹಳೆಯ ಕಾಲೇಜುಗಳಲ್ಲಿ ಚಾಪೆಲ್ ಇಲ್ಲದೆ ನಕ್ಷೆಯೇ ಶುರುವಾಗುತ್ತಿರಲಿಲ್ಲ. ಇಲ್ಲಿ ಅದರ ಬದಲು ದೂರದಿಂದ ಗುರುತು ಸಿಗಲು ಆ ಗೋಪುರ ಒಂದೇ.

ಸರಳ ಅನ್ನಿಸಿದರೂ ಒಳಗೆ ಹಳೆಯ ಆಕ್ಸ್‌ಫರ್ಡ್ ಪೂರ್ತಿ ಇದೆ. ಹಳೆಯ ಕಾಲೇಜಿನಲ್ಲಿ ನಾಲ್ಕೂ ಕಡೆ ಕಟ್ಟಡ, ನಡುವೆ ಚೌಕದ ಅಂಗಳ. ಅದನ್ನು ಕ್ವಾಡ್ ಅನ್ನುತ್ತಾರೆ. ನಮ್ಮ ಹಳ್ಳಿಯ ತೊಟ್ಟಿಮನೆಯಂತೆ ಬದುಕೆಲ್ಲ ಒಳಮುಖ. ಕೋಣೆಗಳು ಉದ್ದ ಕಾರಿಡಾರಿಗೆ ಅಂಟಿಕೊಂಡಿರುವುದಿಲ್ಲ. ಒಂದೊಂದು ಮೆಟ್ಟಿಲಿಗೆ ಕೆಲವೇ ಕೋಣೆ, ಆ ಕೆಲವರು ಪರಸ್ಪರ ಪರಿಚಯದವರು. ಯಾಕಬ್‌ಸೆನ್ ಇದನ್ನೆಲ್ಲ ಉಳಿಸಿಕೊಂಡರು. ಕ್ವಾಡ್ ಇದೆ, ಮೆಟ್ಟಿಲಿನ ಲೆಕ್ಕ ಇದೆ, ಒಟ್ಟಿಗೆ ಊಟ ಇದೆ, ಮೇಷ್ಟ್ರುಗಳ ಎತ್ತರದ ಮೇಜು ಇದೆ. ಬದಲಾಗಿದ್ದು ಒಂದೇ: ಮೂಲೆಗಳನ್ನು ತೆರೆದುಬಿಟ್ಟರು. ಕಟ್ಟಡಗಳು ಒಂದಕ್ಕೊಂದು ತಾಗುವುದಿಲ್ಲ. ಆ ಸಂದಿಗಳಿಂದ ಹುಲ್ಲುಗಾವಲು ಒಳಗೆ ಬರುತ್ತದೆ. ಈ ಕಾಲೇಜಿನ ದೊಡ್ಡ ಯೋಚನೆ ಇದೇ ಅಂತ ನನಗನ್ನಿಸುತ್ತದೆ. ಕಾಲೇಜು ಇಲ್ಲದವರಿಗಾಗಿ ಹುಟ್ಟಿದ ಸಂಸ್ಥೆಗೆ ಮುಚ್ಚಿದ ಮೂಲೆ ಹೊಂದುತ್ತಿರಲಿಲ್ಲ, ಅಲ್ವಾ?

ಇನ್ನು ಹತ್ತಿರ ಹೋಗಿ ನೋಡೋಣ. ಮೊದಲು ಇಟ್ಟಿಗೆ. ಇಂಗ್ಲೆಂಡಿನ ಮಾಮೂಲಿ ಇಟ್ಟಿಗೆಯ ದಪ್ಪ 65 ಮಿಲಿಮೀಟರ್. ನಮ್ಮ ಕಡೆ ಇಟ್ಟಿಗೆ ಇನ್ನೂ ದಪ್ಪ, ಸುಮಾರು 3 ಇಂಚು. ಇಲ್ಲಿ ಬಳಸಿದ್ದು ಇದಕ್ಕಾಗಿಯೇ ಮಾಡಿಸಿದ 2 ಇಂಚಿನ ಇಟ್ಟಿಗೆ, ಬಣ್ಣ ತಿಳಿ ಹಳದಿ. ದಪ್ಪ ಕಮ್ಮಿಯಾದಷ್ಟೂ ಗಾರೆಯ ಗೆರೆಗಳು ಹತ್ತಿರ ಬರುತ್ತವೆ, ಗೋಡೆ ಉದ್ದಕ್ಕೆ ಹರಡಿದಂತೆ ಕಾಣುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಬೇರೆ ಇಟ್ಟಿಗೆ ಸುಡಿಸುವುದು ಸುಮ್ನೆ ಹಟ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ದಿನಾ ಅದೇ ಗೋಡೆಯ ಪಕ್ಕ ಓಡಾಡುವವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ ತೊಲೆ. ಹಾಲ್‌ನಲ್ಲಿ, ಲೈಬ್ರರಿಯಲ್ಲಿ ದೊಡ್ಡ ಕಾಂಕ್ರೀಟ್ ತೊಲೆಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದುಹೋಗಿ ಗೋಡೆ ದಾಟಿ ಹೊರಗೆ ಬರುತ್ತವೆ. ಅವುಗಳನ್ನು ಹೊತ್ತ ಕಂಬಗಳೂ ಗೋಡೆಯಿಂದ ಬಿಡಿಯಾಗಿ ಹೊರಗೆ ನಿಂತಿವೆ. ಅಂದರೆ ಇಟ್ಟಿಗೆ ಗೋಡೆ ಭಾರ ಹೊರುತ್ತಿಲ್ಲ, ಬರೀ ಮರೆ. ಹಾಲ್‌ನಲ್ಲಿ ಆ ಗೋಡೆ ಛಾವಣಿಯ ತನಕ ಹೋಗುವುದಿಲ್ಲ. ಮೇಲೆ ತೊಲೆ-ತೊಲೆಗಳ ನಡುವೆ ಗಾಜು, ಬೆಳಕು ಎತ್ತರದಿಂದ ಬೀಳುತ್ತದೆ. ಯಾವುದು ಹೊರುತ್ತಿದೆ, ಯಾವುದು ಸುಮ್ಮನೆ ನಿಂತಿದೆ ಅನ್ನುವುದನ್ನು ಓದು ಬಾರದ ಮಗುವೂ ಬೆರಳು ಮಾಡಿ ತೋರಿಸಬಹುದು. ಅಷ್ಟು ಪ್ರಾಮಾಣಿಕ ಕಟ್ಟಡ.

ಹಾಲ್ ಒಳಗಿನ ಎತ್ತರದ ಬೆನ್ನಿನ ಕುರ್ಚಿಗಳನ್ನು ಆಕ್ಸ್‌ಫರ್ಡ್ ಕುರ್ಚಿ ಅಂತಲೇ ಕರೆಯುತ್ತಾರೆ. ಮೇಷ್ಟ್ರುಗಳ ಮೇಜಿಗೆಂದು ಯಾಕಬ್‌ಸೆನ್ ಇಲ್ಲಿಗೇ ಮಾಡಿದ್ದು. ಅಷ್ಟು ದೊಡ್ಡ ಹಾಲ್‌ನಲ್ಲಿ ಕೂತವರ ತಲೆಗಿಂತ ಎತ್ತರದ ಬೆನ್ನುಗಳು ಸಾಲಾಗಿ ನಿಂತಾಗ, ಅವೇ ಒಂದು ಗೋಡೆಯಾಗಿ ಮೇಜಿನ ಸುತ್ತ ಪುಟ್ಟ ಕೋಣೆ ಮಾಡಿಕೊಡುತ್ತವೆ. ದೀಪಗಳೂ ಅವರವೇ, ಚಾಕು-ಚಮಚವೂ ಅವರದೇ. ಕೊಳದಲ್ಲಿ ಯಾವ ಮೀನು ಬಿಡಬೇಕು ಅಂತಲೂ ಅವರೇ ಹೇಳಿದರು ಅನ್ನುವ ಮಾತು ಇಂದಿಗೂ ಓಡಾಡುತ್ತದೆ.

ತೋಟದಲ್ಲಿ ಯೂ ಗಿಡದ ಕತ್ತರಿಸಿದ ಬೇಲಿಗಳು ಮತ್ತು ಮೋಟು ಇಟ್ಟಿಗೆ ಗೋಡೆಗಳು ಅಕ್ಕಪಕ್ಕ ನಿಲ್ಲುತ್ತವೆ. ಕಟ್ಟಡದ ಅಳತೆಯೇ ಗಿಡಕ್ಕೂ. ಎಲ್ಲಿ ಕಟ್ಟಡ ಮುಗಿಯಿತು, ಎಲ್ಲಿ ತೋಟ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ. ಪಶ್ಚಿಮಕ್ಕೆ ಉದ್ದನೆಯ ನೀರಿನ ಕಾಲುವೆ, ಅದರ ಬಳಿ ಬಾರ್ಬರಾ ಹೆಪ್‌ವರ್ತ್ ಅವರ ಒಂದು ಶಿಲ್ಪ. ಕಟ್ಟಡ ಚರಿತ್ರೆಕಾರ ನಿಕೋಲಸ್ ಪೆವ್ಸ್‌ನರ್ ಸುಲಭಕ್ಕೆ ಹೊಗಳುವವರಲ್ಲ. ಅವರೂ ಇದನ್ನು ಕೊರತೆ ಇಲ್ಲದ ವಾಸ್ತುಶಿಲ್ಪ ಅಂತ ಮೆಚ್ಚಿಕೊಂಡಿದ್ದರು.

ಕೊರತೆ ಇರಲಿಲ್ಲವೇ? ಇತ್ತು. ವಿದ್ಯಾರ್ಥಿಗಳ ಕೋಣೆಗಳ ಒಂದು ಗೋಡೆ ನೆಲದಿಂದ ಸೂರಿನ ತನಕ ಗಾಜು. ಸಾಲುಗಳು ಪೂರ್ವ-ಪಶ್ಚಿಮಕ್ಕೆ ಮುಖ ಮಾಡಿವೆ. ಬೇಸಿಗೆಯಲ್ಲಿ ಇಳಿಬಿಸಿಲು ನೇರ ಒಳಗೆ. ಚಳಿಗಾಲದಲ್ಲಿ ಗಾಜಿನ ಪಕ್ಕ ಕೂತರೆ ಥಂಡಿ. ಪರದೆ ಎಳೆದರೆ ಹುಲ್ಲುಗಾವಲು ಕಾಣಿಸುವುದಿಲ್ಲ, ಎಳೆಯದಿದ್ದರೆ ಒಳಗಿನ ಬದುಕೆಲ್ಲ ಹೊರಗಿನವರಿಗೆ ಕಾಣುತ್ತದೆ. ನೋಟವನ್ನು ಲೆಕ್ಕ ಹಾಕಿದಷ್ಟು ಕಾಳಜಿಯಿಂದ ಶಾಖವನ್ನು ಲೆಕ್ಕ ಹಾಕಲಿಲ್ಲ. ಇದು ಯಾಕಬ್‌ಸೆನ್ ಒಬ್ಬರದೇ ತಪ್ಪಲ್ಲ, ಆ ಕಾಲದ ಬಹುಪಾಲು ಗಾಜಿನ ಕಟ್ಟಡಗಳದ್ದು. ಆದರೂ ಅಲ್ಲಿ ವಾಸ ಮಾಡಿದವರ ದೂರು ದೂರೇ.

ಛಾವಣಿಯ ಹಲಗೆ

ಈಗ ಆರ್‌ಎಎಸಿಗೆ ಬರೋಣ. ಬೆಂಗಳೂರಿನಲ್ಲಿ ಹೊಸ ಅಪಾರ್ಟ್‌ಮೆಂಟ್ ಏಳುವುದನ್ನು ನೋಡಿದವರಿಗೆ ಅದರ ಅಣ್ಣತಮ್ಮ ಚೆನ್ನಾಗಿ ಗೊತ್ತು: ಬಿಳಿಬೂದು ಬಣ್ಣದ, ದೊಡ್ಡದಾದರೂ ಒಬ್ಬರೇ ಎತ್ತಬಹುದಾದ ಎಎಸಿ ಬ್ಲಾಕ್. ಸಿಮೆಂಟು, ಸುಣ್ಣ, ನುಣ್ಣನೆ ಮರಳು ಅಥವಾ ಹಾರುಬೂದಿ, ನೀರು, ಜೊತೆಗೆ ಚಿಟಿಕೆ ಅಲ್ಯೂಮಿನಿಯಂ ಪುಡಿ. ಪುಡಿಯಿಂದ ಗಾಳಿಗುಳ್ಳೆ ಏಳುತ್ತದೆ, ಹಿಟ್ಟು ಉಬ್ಬುತ್ತದೆ, ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಜಲ್ಲಿ ಇರುವುದಿಲ್ಲ. ಈ ವಿಧಾನ ಹುಟ್ಟಿದ್ದು 1920ರ ದಶಕದ ಸ್ವೀಡನ್ನಿನಲ್ಲಿ.

ನಮ್ಮಲ್ಲಿ ಈ ಬ್ಲಾಕನ್ನು ಕಂಬ-ತೊಲೆಗಳ ನಡುವೆ ಗೋಡೆ ತುಂಬಲು ಬಳಸುತ್ತೇವೆ. ಅದು ಕಟ್ಟಡದ ಭಾರ ಹೊರುವುದಿಲ್ಲ. ಆರ್‌ಎಎಸಿ ಅಂದರೆ ಅದೇ ಉಬ್ಬಿದ ಕಾಂಕ್ರೀಟಿಗೆ ಕಂಬಿ ಹಾಕಿ ಉದ್ದನೆಯ ಹಲಗೆ ಮಾಡಿದ್ದು. ಆ ಹಲಗೆಗಳನ್ನು ತೊಲೆಯಿಂದ ತೊಲೆಗೆ ಸಾಲಾಗಿ ಹಾಸಿದರೆ ಛಾವಣಿ ತಯಾರು. ಆದ್ದರಿಂದ ಎಎಸಿ ಬ್ಲಾಕಿನ ಮನೆಯಲ್ಲಿರುವವರು ಈ ಸುದ್ದಿ ಓದಿ ಹೆದರಬೇಕಿಲ್ಲ. ಗೋಡೆ ತುಂಬುವುದು ಬೇರೆ, ತಲೆ ಮೇಲೆ ಭಾರ ಹೊರುವುದು ಬೇರೆ.

ಯುದ್ಧದ ನಂತರದ ಬ್ರಿಟನ್ನಿಗೆ ಈ ಹಲಗೆ ವರವಾಗಿ ಕಂಡಿತು. ಶಾಲೆ, ಆಸ್ಪತ್ರೆ, ಕಾಲೇಜು ಬೇಗ ಬೇಗ ಕಟ್ಟಬೇಕಿತ್ತು. ಇದರ ತೂಕ ಮಾಮೂಲಿ ಕಾಂಕ್ರೀಟಿನ ಕಾಲುಭಾಗದಷ್ಟು. ಬಿಸಿ, ಚಳಿ ತಡೆಯುತ್ತದೆ. ಕಾರ್ಖಾನೆಯಿಂದ ಬಂದದ್ದನ್ನು ಹಾಸಿದರೆ ಆಯಿತು. ಸಪಾಟು ಛಾವಣಿಗೆ ಹೇಳಿ ಮಾಡಿಸಿದಂಥದ್ದು. 1950ರ ದಶಕದಿಂದ 1990ರ ದಶಕದ ತನಕ ದೇಶವೆಲ್ಲ ಬಳಸಿದರು.

ತೊಂದರೆ ಎಲ್ಲಿದೆ ಅಂದರೆ, ಹಲಗೆಯ ತುದಿಯಲ್ಲಿ. ಮಾಮೂಲಿ ಕಾಂಕ್ರೀಟ್ ಕಂಬಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ತುಕ್ಕು ಹಿಡಿಯದಂತೆ ಕಾಪಾಡುತ್ತದೆ. ಗುಳ್ಳೆ ತುಂಬಿದ ಕಾಂಕ್ರೀಟಿಗೆ ಆ ಕಚ್ಚುವ ಶಕ್ತಿ ಇಲ್ಲ. ಅದಕ್ಕೇ ಹಲಗೆಯ ಎರಡೂ ತುದಿಯಲ್ಲಿ ಅಡ್ಡ ಕಂಬಿ ಬೆಸೆದು ಉದ್ದ ಕಂಬಿಯನ್ನು ಹಿಡಿಸುತ್ತಾರೆ. ಆ ಅಡ್ಡ ಕಂಬಿ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ, ಅಥವಾ ಹಲಗೆ ತೊಲೆಯ ಮೇಲೆ ಕೂತ ಅಂಚು ತೀರಾ ಕಿರಿದಾಗಿದ್ದರೆ, ಭಾರವೆಲ್ಲ ಬರೀ ಗುಳ್ಳೆ ಕಾಂಕ್ರೀಟಿನ ಮೇಲೆ. ಈಗಿನ ತಪಾಸಣೆಯಲ್ಲಿ ಆ ಅಂಚು 75 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಅಪಾಯ ಅಂತ ಪರಿಗಣಿಸುತ್ತಾರೆ. ನಾಲ್ಕು ಬೆರಳು ಅಗಲ. ಇದರ ಜೊತೆ ಛಾವಣಿಯ ನೀರು ಇಳಿದರೆ ಹಲಗೆ ನೀರು ಹೀರಿ ಭಾರವಾಗುತ್ತದೆ, ಕಂಬಿ ಒಳಗೇ ತುಕ್ಕು ಹಿಡಿಯುತ್ತದೆ. ಹೊರಗೆ ಬಿರುಕು ಕಾಣದೆಯೂ ಇರಬಹುದು. ಮುರಿಯುವಾಗ ಮುನ್ಸೂಚನೆ ಕೊಡದೆ ಒಮ್ಮೆಗೇ ಮುರಿಯುತ್ತದೆ.

2018ರಲ್ಲಿ ಕೆಂಟ್‌ನ ಒಂದು ಪ್ರಾಥಮಿಕ ಶಾಲೆಯ ಛಾವಣಿ ಹಾಗೆಯೇ ಬಿತ್ತು. ಅದೃಷ್ಟಕ್ಕೆ ಅದು ವಾರಾಂತ್ಯ, ಒಳಗೆ ಮಕ್ಕಳು ಇರಲಿಲ್ಲ. ಮುಂದಿನ ವರ್ಷ ಎಂಜಿನಿಯರುಗಳ ಸುರಕ್ಷತಾ ಸಮಿತಿ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. 2023ರ ಆಗಸ್ಟ್ 31ರಂದು, ಶಾಲೆ ತೆರೆಯಲು ಕೆಲವೇ ದಿನ ಇರುವಾಗ, ಸರ್ಕಾರ 104 ಶಾಲೆ-ಕಾಲೇಜುಗಳಿಗೆ ಇಂಥ ಛಾವಣಿಯ ಜಾಗಗಳನ್ನು ಬಳಸಬೇಡಿ ಅಂತ ಹೇಳಿತು. ಎಲ್ಲರೂ ತಮ್ಮ ತಮ್ಮ ತಾರಸಿಯ ಒಳಗೆ ಇಣುಕಲು ಶುರು ಮಾಡಿದರು. ಸೇಂಟ್ ಕ್ಯಾಥರೀನ್ಸ್ ಬೀಗ ಹಾಕಿದ್ದೂ ಆ ವರ್ಷವೇ.

ಯಾರ ಹೊಣೆ

ವಿನ್ಯಾಸ ಮಾಡಿದವರನ್ನು ಬೈಯುವುದು ಸುಲಭ. ನನಗೆ ಅದು ನ್ಯಾಯ ಅನ್ನಿಸುವುದಿಲ್ಲ. 1960ರಲ್ಲಿ ಈ ಹಲಗೆ ಕಾರ್ಖಾನೆಯಿಂದ ಬರುವ, ಎಲ್ಲರೂ ಒಪ್ಪಿದ ವಸ್ತು. ಅದರ ದೌರ್ಬಲ್ಯದ ಬಗ್ಗೆ ಸಂಶೋಧಕರು ಜೋರಾಗಿ ಮಾತಾಡತೊಡಗಿದ್ದು 1990ರ ದಶಕದಲ್ಲಿ. ಯಾಕಬ್‌ಸೆನ್ ತೀರಿಕೊಂಡಿದ್ದು 1971ರಲ್ಲಿ.

ಆದರೆ ಒಂದು ಮಾತು ಹೇಳಲೇಬೇಕು. ಈ ಕಟ್ಟಡದ ಪ್ರಾಮಾಣಿಕತೆ ಕಣ್ಣಿಗೆ ಕಾಣುವ ಜಾಗದ ತನಕ ಮಾತ್ರ ಇತ್ತು. ಕಂಬ ಕಾಣುತ್ತದೆ, ತೊಲೆ ಕಾಣುತ್ತದೆ, ಇಟ್ಟಿಗೆಯ ದಪ್ಪ ಕಾಣುತ್ತದೆ. ಅವೆಲ್ಲ ಇದಕ್ಕಾಗಿಯೇ ಮಾಡಿಸಿದ್ದು. ತೊಲೆಗಳ ಮೇಲೆ ಹಾಸಿದ್ದು ಪೇಟೆಯಲ್ಲಿ ಸಿಗುವ ಸರಕು. ಎಲ್ಲವನ್ನೂ ಒಬ್ಬರೇ ರೂಪಿಸಿದ್ದಾರೆ ಅಂತ ನಾವು ಹೇಳುವಾಗ ಈ ಭಾಗ ಲೆಕ್ಕಕ್ಕೇ ಬರುವುದಿಲ್ಲ. ಚಮಚದ ಬಗ್ಗೆ ಬರೆದವರು ಸಾವಿರ ಜನ. ಛಾವಣಿಯ ಹಲಗೆ ಬಗ್ಗೆ ಬೀಗ ಬೀಳುವ ತನಕ ಯಾರೂ ಮಾತಾಡಲಿಲ್ಲ. ಗ್ರೇಡ್ ಒನ್ ಪಟ್ಟಿಗೆ ಸೇರಿಸುವಾಗಲೂ ನೋಡುವುದು ಕಟ್ಟಡದ ಮಹತ್ವವನ್ನು, ಅದರ ಹಲಗೆಯ ಅಂಚನ್ನಲ್ಲ. ಯುದ್ಧದ ನಂತರದ ಕಟ್ಟಡ ಯಾವುದೇ ಇರಲಿ, ಅದಕ್ಕೆ ಗೌರವ ಕೊಡುವ ದಿನವೇ ಛಾವಣಿ ಯಾವುದರಿಂದ ಮಾಡಿದ್ದು, ಯಾವ ಕಾರ್ಖಾನೆಯದು, ನೀರು ಎಲ್ಲಿ ನಿಲ್ಲುತ್ತದೆ ಅನ್ನುವ ದಾಖಲೆಯನ್ನೂ ತಯಾರು ಮಾಡಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೀಗ ಹಾಕಿದ್ದರ ನಷ್ಟವೂ ಬರೀ ಜಾಗದ್ದಲ್ಲ. ಇಲ್ಲಿ ಕೋಣೆಗಳು ಬಿಡಿಬಿಡಿ, ಮೆಟ್ಟಿಲುಗಳು ಬಿಡಿಬಿಡಿ. ಎಲ್ಲರನ್ನೂ ದಿನಕ್ಕೊಮ್ಮೆ ಒಂದೆಡೆ ಸೇರಿಸುವುದು ಊಟದ ಹಾಲ್. ಅದು ಮುಚ್ಚಿದರೆ ನಕ್ಷೆಯಲ್ಲಿ ಉಳಿಯುವುದು ಎರಡು ಹಾಸ್ಟೆಲ್ ಸಾಲು ಮತ್ತು ಒಂದು ಚಂದದ ಹುಲ್ಲುಹಾಸು. ಟೆಂಟಿನಲ್ಲಿ ಊಟ ಹಾಕಿದ್ದು ಬರೀ ಹೊಟ್ಟೆಯ ಪ್ರಶ್ನೆಯಲ್ಲ, ಒಟ್ಟಿಗೆ ಕೂರುವುದು ತಪ್ಪಬಾರದು ಅಂತ. ಆ ನಿರ್ಧಾರ ನನಗೆ ತುಂಬ ಹಿಡಿಸಿತು.

ರಿಪೇರಿಯ ವಿಷಯಕ್ಕೆ ಬಂದರೆ, ಯಾಕಬ್‌ಸೆನ್ ನಕ್ಷೆಯಲ್ಲೇ ಒಂದು ಅನುಕೂಲ ಇದೆ. ಭಾರ ಹೊರುವುದು ದೊಡ್ಡ ತೊಲೆಗಳು, ಹಲಗೆ ಅವುಗಳ ಮೇಲಿನ ಹಾಸು. ಗೋಡೆ, ಕಂಬ, ತೊಲೆ ಯಾವುದನ್ನೂ ಕೆಡವದೆ ಹಾಸನ್ನು ತೆಗೆದು ಬೇರೆ ಹಾಕುವುದು ತಾತ್ವಿಕವಾಗಿ ಸಾಧ್ಯ. ಕಷ್ಟ ಇರುವುದು ಅಂಚಿನಲ್ಲಿ. ಇಂದಿನ ನಿಯಮದ ಪ್ರಕಾರ ಚಳಿ ತಡೆಯುವ ಪದರ ದಪ್ಪ ಬೇಕು. ಪದರ ದಪ್ಪವಾದರೆ ಛಾವಣಿಯ ಅಂಚು ಮೇಲೇಳುತ್ತದೆ. ಅಂಚು ಎದ್ದರೆ ತೊಲೆಯ ತುದಿ, ಗಾಜಿನ ಪಟ್ಟಿ, ಗೋಡೆ ಇವುಗಳ ನಡುವಿನ ಅಳತೆ ತಪ್ಪುತ್ತದೆ. ಸಂರಕ್ಷಿತ ಕಟ್ಟಡವಾದ್ದರಿಂದ ಇಂಥ ಬದಲಾವಣೆಗೆಲ್ಲ ಅನುಮತಿ ಬೇಕು. ಹೊಸ ಹಾಸು ಹಳೆಯದಕ್ಕಿಂತ ಭಾರ ಇದ್ದರೆ ತೊಲೆ, ಕಂಬ, ಅಡಿಪಾಯದ ಲೆಕ್ಕವನ್ನೂ ಮತ್ತೆ ಹಾಕಬೇಕು. ಹಾಗಾಗಿ ಮರದ ಅಥವಾ ಉಕ್ಕಿನ ಹಗುರ ಹಾಸು ನೋಡುವುದೇ ಮೇಲು. ಪದರದ ದಪ್ಪವನ್ನು ಅಂಚಿನಿಂದ ಒಳಗೆ ಸರಿಸಿ, ನೆಲದಲ್ಲಿ ನಿಂತವರಿಗೆ ಹಳೆಯ ಗೆರೆಯೇ ಕಾಣುವಂತೆ ಮಾಡಿದರೆ ಹಾಲ್ ಹಾಲ್ ಆಗಿಯೇ ಉಳಿಯುತ್ತದೆ.